ತಂತ್ರಾಂಶ ಪರೀಕ್ಷೆಯಲ್ಲಿ ಕಾಲಮಿತಿಯ ಸ್ಥಾನ

ಪರೀಕ್ಷೆಯೆಂದರೇನೆಂದು ಕಾಲೇಜಿನ ವಿದ್ಯಾರ್ಥಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರಶ್ನೆಗಳಿರುತ್ತವೆ, ಸರಿಯಾದ ಉತ್ತರ ಇಂಥದೆಂದು ಮೊದಲೇ ನಿಶ್ಚಯವಾಗಿರುತ್ತದೆ, ಬರೆಯಲು ಇಂತಿಷ್ಟು ಹೊತ್ತೆಂದು ಗೊತ್ತುಮಾಡಿರುತ್ತಾರೆ. ಈ ಮೂರರಲ್ಲಿ ಮೊದಲಿನೆರಡನ್ನು ನಾವು ಮುಖ್ಯವೆಂದೂ ಮೂರನೆಯದನ್ನು ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡೆಂದೂ ಭಾವಿಸುತ್ತೇವೆ. ಆದರೆ ಅವಧಿಯೇ ಇಲ್ಲದ ಪರೀಕ್ಷೆಯೊಂದನ್ನು ಊಹಿಸಿಕೊಳ್ಳಿ. ವಿದ್ಯಾರ್ಥಿಯೊಬ್ಬ ಲೇಖನಿ ಹಿಡಿದು ಸುಮ್ಮನೆ ಕುಳಿತಿದ್ದಾನೆ. ಅವನು ಯೋಚಿಸುತ್ತಿರುವನೋ, ಏನೂ ತೋಚದೆ ಕುಳಿತಿರುವನೋ ಹೊರಗಿನಿಂದ ನೋಡುವವರಿಗೆ ತಿಳಿಯುವಂತಿಲ್ಲ. ಅವನ ಪತ್ರಿಕೆ ಕೈಗೆ ಬರುವವರೆಗೆ ತೇರ್ಗಡೆಯಾದನೆಂದಾಗಲಿ ಇಲ್ಲವೆಂದಾಗಲಿ ಹೇಳಲು ಬರುವುದಿಲ್ಲ. ಕೊಠಡಿಯೂ ತೆರವಾಗುವುದಿಲ್ಲ, ಅಲ್ಲಿ ನಡೆಯಬೇಕಾದ ಮುಂದಿನ ಪರೀಕ್ಷೆಯೂ ನಡೆಯುವುದಿಲ್ಲ. ಅವಧಿಯಿಲ್ಲದ ಪರೀಕ್ಷೆಗೆ ಫಲಿತಾಂಶವೂ ಇಲ್ಲವೆಂದಾಯಿತು.

ಗಣಕಯಂತ್ರದ ತಂತ್ರಾಂಶಗಳನ್ನು ಸಿದ್ಧಪಡಿಸುವವರಿಗೆ ಈ ಸಮಸ್ಯೆ ದಿನವೂ ಎದುರಾಗುತ್ತದೆ. ಅವರು ಇದಕ್ಕೆ ಮಾಡಿಕೊಂಡಿರುವ ಉಪಾಯಕ್ಕೆ ಟೈಮ್‌ಔಟ್ ಎಂದು ಹೆಸರು. ನಾವು ಕಾಲಮಿತಿ ಎನ್ನೋಣ. ಕಲಾ ಕಾಲೇಜಿನ ಪತ್ರಿಕೆಯಲ್ಲಿ ಇಂಥ ವಿಷಯವೇಕೆ ಎಂದು ಕೆಲವರು ಕೇಳಬಹುದು. ಎಷ್ಟು ಹೊತ್ತು ಕಾಯಬೇಕು, ಯಾವಾಗ ಸಾಕೆನ್ನಬೇಕು, ಸಾಕೆಂದ ಮೇಲೆ ಏನೆಂದು ತೀರ್ಮಾನಿಸಬೇಕು ಎಂಬ ಪ್ರಶ್ನೆಗಳು ಯಂತ್ರಕ್ಕೆ ಮಾತ್ರ ಸಂಬಂಧಿಸಿದವಲ್ಲ. ಮನುಷ್ಯನ ವಿವೇಚನೆಗೆ ಸಂಬಂಧಿಸಿದವು. ಆದುದರಿಂದ ಈ ವಿಷಯವನ್ನು ನಾನು ಎಲ್ಲರಿಗೂ ತಿಳಿಯುವ ರೀತಿಯಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ಬಿಲ್ಡ್ ಮತ್ತು ಪರೀಕ್ಷೆ

ಒಂದು ದೊಡ್ಡ ತಂತ್ರಾಂಶವನ್ನು ಒಬ್ಬರೇ ಬರೆಯುವುದಿಲ್ಲ. ಹತ್ತಾರು ಮಂದಿ ಬೇರೆ ಬೇರೆ ಭಾಗಗಳನ್ನು ಬರೆದು ಒಂದುಗೂಡಿಸುತ್ತಾರೆ. ಬರೆದ ಭಾಗಗಳನ್ನೆಲ್ಲ ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ಇಳಿಸಿ, ಬೇಕಾದ ಸಲಕರಣೆಗಳನ್ನು ತರಿಸಿ, ಜೋಡಿಸಿ, ಉಪಯೋಗಕ್ಕೆ ಸಿದ್ಧವಾದ ವಸ್ತುವನ್ನಾಗಿ ಮಾಡುವ ಕಾರ್ಯಕ್ಕೆ ಬಿಲ್ಡ್ ಎನ್ನುತ್ತಾರೆ. ಆ ಬಳಿಕ ಸಣ್ಣ ಸಣ್ಣ ಪರೀಕ್ಷೆಗಳು ನಡೆಯುತ್ತವೆ. ಬಡ್ಡಿ ಲೆಕ್ಕ ಮಾಡುವ ಪ್ರೋಗ್ರಾಮಿಗೆ ಸಾವಿರ ರೂಪಾಯಿ ಅಸಲು, ಶೇಕಡ ಹತ್ತರ ದರ, ಒಂದು ವರ್ಷ ಎಂದು ಕೊಟ್ಟರೆ ನೂರು ರೂಪಾಯಿ ಬರಬೇಕು. ಬಂದರೆ ತೇರ್ಗಡೆ, ಬಾರದಿದ್ದರೆ ಇಲ್ಲ. ಇಂಥ ಪರೀಕ್ಷೆಗಳು ಒಂದು ತಂತ್ರಾಂಶಕ್ಕೆ ನೂರಾರು, ಕೆಲವೊಮ್ಮೆ ಸಾವಿರಾರು ಇರುತ್ತವೆ. ಇವನ್ನು ಯಂತ್ರವೇ ನಡೆಸುವಂತೆ ಮಾಡುವ ಸಾಧನಗಳಲ್ಲಿ ಪ್ರಸಿದ್ಧವಾದುದು ಜೆಯೂನಿಟ್. ಕೆಂಟ್ ಬೆಕ್ ಮತ್ತು ಎರಿಕ್ ಗಾಮ ಎಂಬಿಬ್ಬರು 1997ರಲ್ಲಿ ಜಾವಾ ಭಾಷೆಗಾಗಿ ಇದನ್ನು ರಚಿಸಿದರು.

ಈಗಿನ ರೂಢಿಯಲ್ಲಿ ಯಾರಾದರೂ ಒಂದು ಸಾಲು ತಿದ್ದಿದರೂ ಎಲ್ಲೋ ಇರುವ ಒಂದು ಸರ್ವರ್ ಅದನ್ನು ಗಮನಿಸಿ, ಬಿಲ್ಡನ್ನೂ ಪರೀಕ್ಷೆಗಳನ್ನೂ ತಾನಾಗಿಯೇ ನಡೆಸಿ ಫಲಿತಾಂಶವನ್ನು ತಿಳಿಸುತ್ತದೆ. ಅರ್ಧರಾತ್ರಿಯಾದರೂ ಸರಿ, ರಜೆಯ ದಿನವಾದರೂ ಸರಿ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಆ ಕೊಠಡಿಯಲ್ಲಿ ಮೇಲ್ವಿಚಾರಕರು ಯಾರೂ ಇಲ್ಲ. ನಮ್ಮೆದುರಿಗಿರುವ ಯಂತ್ರ ಸ್ತಬ್ಧವಾದರೆ ನಾವೇ ಬೇಸತ್ತು ಅದನ್ನು ನಿಲ್ಲಿಸುತ್ತೇವೆ. ಆ ಬೇಸರವೇ ನಮ್ಮ ಕಾಲಮಿತಿ. ಸರ್ವರಿಗೆ ಬೇಸರವೆಂಬುದಿಲ್ಲ. ಕಾಯಿ ಎಂದರೆ ಅದು ಕಾಯುತ್ತಲೇ ಇರುತ್ತದೆ.

ಸ್ತಬ್ಧವಾಗಲು ಕಾರಣಗಳು

ಪ್ರೋಗ್ರಾಂ ಮುಗಿಯದೆ ಉಳಿಯಲು ನಾಲ್ಕು ಮುಖ್ಯ ಕಾರಣಗಳನ್ನು ಹೇಳಬಹುದು.

ಮೊದಲನೆಯದು, ಬಾರದ ಉತ್ತರಕ್ಕಾಗಿ ಕಾಯುವುದು. ಪರೀಕ್ಷೆಯು ಮತ್ತೊಂದು ಯಂತ್ರಕ್ಕೆ ಪ್ರಶ್ನೆ ಕಳುಹಿಸುತ್ತದೆ. ಆ ಯಂತ್ರ ಇಲ್ಲವೆಂದೂ ಹೇಳುವುದಿಲ್ಲ, ಉಂಟೆಂದೂ ಹೇಳುವುದಿಲ್ಲ. ಪೈಥಾನ್ ಭಾಷೆಯಲ್ಲಿ ಜಾಲದ ಸಂಪರ್ಕಕ್ಕಾಗಿ ಬಹುವಾಗಿ ಬಳಕೆಯಲ್ಲಿರುವ ರಿಕ್ವೆಸ್ಟ್ಸ್ ಎಂಬ ಸಾಧನವು ನಾವಾಗಿ ಕಾಲಮಿತಿಯನ್ನು ಹೇಳದಿದ್ದರೆ ತಾನಾಗಿ ಯಾವ ಮಿತಿಯನ್ನೂ ಇಟ್ಟುಕೊಳ್ಳುವುದಿಲ್ಲ.

ಎರಡನೆಯದು, ಪರಸ್ಪರ ಕಾಯುವಿಕೆ. ಬಾವಿಕಟ್ಟೆಗೆ ಇಬ್ಬರು ನೀರಿಗೆ ಬಂದಿದ್ದಾರೆಂದು ಇಟ್ಟುಕೊಳ್ಳೋಣ. ಒಬ್ಬನ ಕೈಯಲ್ಲಿ ಹಗ್ಗವಿದೆ, ಇನ್ನೊಬ್ಬನ ಕೈಯಲ್ಲಿ ಕೊಡವಿದೆ. ನೀರು ಸೇದುವುದಕ್ಕೆ ಎರಡೂ ಬೇಕು. ಕೊಡ ಸಿಕ್ಕದೆ ಹಗ್ಗ ಬಿಡುವುದಿಲ್ಲವೆಂದು ಅವನು, ಹಗ್ಗ ಸಿಕ್ಕದೆ ಕೊಡ ಬಿಡುವುದಿಲ್ಲವೆಂದು ಇವನು. ಸಂಜೆಯಾದರೂ ಇಬ್ಬರಿಗೂ ನೀರಿಲ್ಲ. ಪ್ರೋಗ್ರಾಮಿನ ಎರಡು ಭಾಗಗಳು ಹೀಗೆ ಸಿಕ್ಕಿಕೊಳ್ಳುವುದಕ್ಕೆ ಡೆಡ್‌ಲಾಕ್ ಎಂದು ಹೆಸರು.

ಮೂರನೆಯದು, ಕೊನೆಯಿಲ್ಲದ ಆವರ್ತನೆ. ಇಂಥ ಸ್ಥಿತಿ ಬರುವವರೆಗೆ ಮಾಡುತ್ತಿರು ಎಂದು ಬರೆದಿರುತ್ತದೆ. ಆ ಸ್ಥಿತಿ ಬರುವುದೇ ಇಲ್ಲ. ಗಾಣದ ಎತ್ತಿನಂತೆ ಯಂತ್ರ ಸುತ್ತುತ್ತಲೇ ಇರುತ್ತದೆ.

ನಾಲ್ಕನೆಯದು ಸ್ವಲ್ಪ ವಿನೋದಕರವಾದುದು: ಇಲ್ಲದ ಮನುಷ್ಯನನ್ನು ಪ್ರಶ್ನೆ ಕೇಳುವುದು. ಉಬುಂಟು ವ್ಯವಸ್ಥೆಯಲ್ಲಿ ಕಾಲವಲಯಗಳ ಮಾಹಿತಿಯ ಪೊಟ್ಟಣವನ್ನು ಸೇರಿಸುವಾಗ, ನೀವು ಯಾವ ಭೂಪ್ರದೇಶದವರು ಎಂದು ಅದು ಕೇಳುವುದುಂಟು. ಮನುಷ್ಯನಿದ್ದರೆ ಒಂದು ಅಂಕಿಯನ್ನು ಒತ್ತಿ ಮುಂದೆ ಹೋಗುತ್ತಾನೆ. ಯಾರೂ ಇಲ್ಲದ ಬಿಲ್ಡಿನಲ್ಲಿ ಆ ಪ್ರಶ್ನೆ ಹಾಗೆಯೇ ನಿಂತಿರುತ್ತದೆ. ಪ್ರಶ್ನೆ ಕೇಳಬೇಡವೆಂದು ಮೊದಲೇ ಆಜ್ಞೆ ಕೊಡುವುದೇ ಇದಕ್ಕೆ ಪರಿಹಾರ.

ಯಂತ್ರವೇ ಏಕೆ ಹೇಳಲಾರದು?

ಇಷ್ಟು ಬುದ್ಧಿಯ ಯಂತ್ರಕ್ಕೆ ತಾನು ನಡೆಸುತ್ತಿರುವ ಪ್ರೋಗ್ರಾಂ ಮುಗಿಯುವುದೋ ಇಲ್ಲವೋ ಎಂಬುದನ್ನು ಮುಂಚಿತವಾಗಿ ಕಂಡುಹಿಡಿಯಲು ಸಾಧ್ಯವಿಲ್ಲವೇ? ಈ ಪ್ರಶ್ನೆ ಸಹಜವಾದುದು. ಇದಕ್ಕೆ ಉತ್ತರ ವಿದ್ಯುನ್ಮಾನ ಗಣಕಯಂತ್ರಗಳು ಹುಟ್ಟುವುದಕ್ಕೆ ಮೊದಲೇ ದೊರೆಯಿತೆಂಬುದು ಆಶ್ಚರ್ಯದ ಸಂಗತಿ. ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗನು 1936ರಲ್ಲಿ ಗಣನೆಯ ಮಿತಿಗಳನ್ನು ಕುರಿತು ಬರೆದ ಪ್ರಬಂಧದಿಂದ ಹೊರಡುವ ಸಿದ್ಧಾಂತಕ್ಕೆ ಮುಂದೆ ಹಾಲ್ಟಿಂಗ್ ಪ್ರಾಬ್ಲಂ, ಅಂದರೆ ನಿಲುಗಡೆಯ ಸಮಸ್ಯೆ ಎಂಬ ಹೆಸರು ಬಂದಿತು. ಅದರ ವಾದಸರಣಿ ಹೀಗಿದೆ.

ಯಾವ ಪ್ರೋಗ್ರಾಮನ್ನು ತೋರಿಸಿದರೂ ಇದು ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ ಎಂದು ತಪ್ಪದೆ ಭವಿಷ್ಯ ಹೇಳುವ ಒಂದು ಜ್ಯೋತಿಷಿ ಪ್ರೋಗ್ರಾಂ ಇದೆಯೆಂದು ಭಾವಿಸೋಣ. ಆಗ ನಾವೊಂದು ತಂಟೆಕೋರ ಪ್ರೋಗ್ರಾಮನ್ನು ಬರೆಯಬಹುದು. ಅದು ತನ್ನ ಜಾತಕವನ್ನೇ ಜ್ಯೋತಿಷಿಗೆ ತೋರಿಸುತ್ತದೆ. ನೀನು ನಿಲ್ಲುತ್ತೀಯೆ ಎಂದು ಜ್ಯೋತಿಷಿ ಹೇಳಿದರೆ ನಿಲ್ಲದೆ ಸುತ್ತುತ್ತದೆ. ನಿಲ್ಲುವುದಿಲ್ಲ ಎಂದರೆ ಒಡನೆಯೇ ನಿಲ್ಲುತ್ತದೆ. ಜ್ಯೋತಿಷಿ ಏನು ಹೇಳಿದರೂ ಸುಳ್ಳಾಗುತ್ತದೆ. ಆದುದರಿಂದ ಎಲ್ಲ ಪ್ರೋಗ್ರಾಮುಗಳಿಗೂ ಸಲ್ಲುವ ಅಂಥ ಜ್ಯೋತಿಷಿ ಇರಲು ಸಾಧ್ಯವಿಲ್ಲ.

ಇದರಿಂದ ನಮಗೆ ದೊರೆಯುವ ಪಾಠವೇನು? ನಿಧಾನವಾಗಿ ನಡೆಯುತ್ತಿರುವುದಕ್ಕೂ ಎಂದೆಂದಿಗೂ ಮುಗಿಯದಿರುವುದಕ್ಕೂ ವ್ಯತ್ಯಾಸವನ್ನು ಸರ್ವತ್ರ ಕಂಡುಹಿಡಿಯಬಲ್ಲ ವಿಧಾನವಿಲ್ಲ. ಆದಕಾರಣ ಎಲ್ಲಿಯವರೆಗೆ ಕಾಯಬೇಕೆಂಬುದನ್ನು ಯಾರಾದರೂ ತೀರ್ಮಾನಿಸಲೇಬೇಕು. ಕಾಲಮಿತಿ ಎಂಬುದು ಪ್ರಮಾಣಪೂರ್ವಕವಾದ ಸಿದ್ಧಾಂತವಲ್ಲ, ಒಂದು ತೀರ್ಮಾನ ಮಾತ್ರ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವುದೆಲ್ಲ ಇದರಿಂದಲೇ ಹೊರಡುತ್ತದೆ.

ಮಿತಿ ಎಷ್ಟಿರಬೇಕು?

ಬೇರೆ ಬೇರೆ ಸಾಧನಗಳನ್ನು ಮಾಡಿದವರು ಬೇರೆ ಬೇರೆ ಮಿತಿಗಳನ್ನು ಇಟ್ಟಿದ್ದಾರೆ. ಜಾವಾಸ್ಕ್ರಿಪ್ಟ್ ಭಾಷೆಯ ಪರೀಕ್ಷಾ ಸಾಧನಗಳಲ್ಲಿ ಮೋಕಾ ಒಂದು ಪರೀಕ್ಷೆಗೆ 2 ಸೆಕೆಂಡುಗಳನ್ನೂ ಜೆಸ್ಟ್ 5 ಸೆಕೆಂಡುಗಳನ್ನೂ ಕೊಡುತ್ತವೆ. ಗೋ ಭಾಷೆಯಲ್ಲಿ ಒಂದು ಕಟ್ಟಿನ ಪರೀಕ್ಷೆಗಳಿಗೆಲ್ಲ ಸೇರಿ 10 ನಿಮಿಷ. ಗೂಗಲಿನಿಂದ ಹೊರಬಂದ ಬೇಜಲ್ ಎಂಬ ಬಿಲ್ಡ್ ಸಾಧನದಲ್ಲಿ ಸಣ್ಣ, ಮಧ್ಯಮ, ದೊಡ್ಡ, ಅತಿದೊಡ್ಡ ಎಂದು ಪರೀಕ್ಷೆಗಳಲ್ಲಿ ನಾಲ್ಕು ವರ್ಗಗಳಿದ್ದು, ಅವುಗಳಿಗೆ ಕ್ರಮವಾಗಿ 60, 300, 900 ಮತ್ತು 3600 ಸೆಕೆಂಡುಗಳ ಮಿತಿಯಿದೆ. ಇಡೀ ಕೆಲಸದ ಮಟ್ಟದಲ್ಲಿ ನೋಡಿದರೆ ಗಿಟ್‌ಲ್ಯಾಬಿನಲ್ಲಿ 60 ನಿಮಿಷ, ಗಿಟ್‌ಹಬ್ ಆಕ್ಷನ್ಸ್‌ನಲ್ಲಿ 360 ನಿಮಿಷ. ಇವೆಲ್ಲ ನಾವು ಏನನ್ನೂ ಹೇಳದಿದ್ದಾಗ ಅನ್ವಯಿಸುವ ಮಿತಿಗಳು.

ಇವನ್ನು ಹಾಗೆಯೇ ಒಪ್ಪಿಕೊಂಡರೆ ಸಾಲದೆಂಬುದಕ್ಕೆ ಒಂದು ಸಣ್ಣ ಲೆಕ್ಕ ಹಾಕೋಣ. ಸಾಮಾನ್ಯವಾಗಿ 8 ನಿಮಿಷಗಳಲ್ಲಿ ಮುಗಿಯುವ ಬಿಲ್ಡ್ ಒಂದು ದಿನ ಸ್ತಬ್ಧವಾಯಿತು. ಮಿತಿ 360 ನಿಮಿಷಗಳಿದ್ದರೆ ಆರು ಗಂಟೆಗಳ ಅನಂತರ ಸುದ್ದಿ ಬರುತ್ತದೆ. ಅಷ್ಟರಲ್ಲಿ ಅದೇ ಯಂತ್ರದ ಮೇಲೆ 45 ಬಿಲ್ಡುಗಳು ಮುಗಿಯಬಹುದಾಗಿತ್ತು. ಹಿಂದೆ ಸಾಲುಗಟ್ಟಿ ನಿಂತವರ ಕೆಲಸವೂ ನಿಲ್ಲುತ್ತದೆ. ಬಾಡಿಗೆಯ ಯಂತ್ರವಾದರೆ ಹಣವೂ ಹೋಗುತ್ತದೆ.

ಹಾಗೆಂದು ಮಿತಿಯನ್ನು ಬಿಗಿಗೊಳಿಸಿದರೆ ಬೇರೊಂದು ಅನರ್ಥ ಒದಗುತ್ತದೆ. ಸರ್ವರಿನ ಮೇಲೆ ಅಂದು ಹೊರೆ ಹೆಚ್ಚಾಗಿರಬಹುದು, ಜಾಲ ನಿಧಾನವಾಗಿರಬಹುದು. ಆಗ ಸರಿಯಾದ ಪ್ರೋಗ್ರಾಂ ಸಹ ಅನುತ್ತೀರ್ಣವೆನಿಸಿಕೊಳ್ಳುತ್ತದೆ. ಒಮ್ಮೆ ತೇರ್ಗಡೆ, ಒಮ್ಮೆ ಇಲ್ಲ, ತಿದ್ದಿದ್ದು ಮಾತ್ರ ಏನೂ ಇಲ್ಲ—ಇಂಗ್ಲಿಷಿನಲ್ಲಿ ಫ್ಲೇಕಿ ಎಂದು ಕರೆಯುವ ಇವುಗಳನ್ನು ಚಂಚಲ ಪರೀಕ್ಷೆಗಳೆನ್ನಬಹುದು. ಗೂಗಲ್ ಸಂಸ್ಥೆಯವರು 2016ರಲ್ಲಿ ಪ್ರಕಟಿಸಿದ ಪ್ರಕಾರ ಅವರಲ್ಲಿ ನಡೆದ ಪರೀಕ್ಷೆಗಳಲ್ಲಿ ಸುಮಾರು ಶೇಕಡ 1.5 ಸಲ ಇಂಥ ಫಲಿತಾಂಶ ಬರುತ್ತಿತ್ತು. ಪರೀಕ್ಷೆಗಳ ಪೈಕಿ ಸುಮಾರು ಶೇಕಡ 16ರಲ್ಲಿ ಸ್ವಲ್ಪವಾದರೂ ಚಾಂಚಲ್ಯವಿತ್ತು. ಹಳ್ಳಿಯ ಹುಡುಗ ಹುಲಿ ಬಂತು ಹುಲಿ ಎಂದು ಕೂಗಿದ ಕಥೆ ಎಲ್ಲರಿಗೂ ತಿಳಿದಿದೆ. ಸುಳ್ಳು ಎಚ್ಚರಿಕೆ ಹೆಚ್ಚಿದಂತೆಲ್ಲ ನಿಜವಾದ ಎಚ್ಚರಿಕೆಯನ್ನೂ ಜನ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಹಾಗಾದರೆ ಮಧ್ಯಮಮಾರ್ಗ ಯಾವುದು? ಮೊದಲು ಅಳೆಯಬೇಕು. ಒಂದು ಪರೀಕ್ಷೆ ನೂರು ಸಲ ನಡೆದಾಗ ಎಷ್ಟೆಷ್ಟು ಹೊತ್ತು ಹಿಡಿಯಿತೆಂಬ ದಾಖಲೆಯನ್ನು ನೋಡಬೇಕು. ಸರಾಸರಿಗಿಂತಲೂ ಮುಖ್ಯವಾದುದು, ಸರಿಯಾಗಿ ಮುಗಿದವುಗಳಲ್ಲಿ ಅತ್ಯಂತ ನಿಧಾನವಾದುದು. ಸಾಮಾನ್ಯವಾಗಿ 4 ಸೆಕೆಂಡು, ಅಪರೂಪಕ್ಕೆ 9 ಸೆಕೆಂಡು ಹಿಡಿಯುವ ಪರೀಕ್ಷೆಗೆ 10 ಸೆಕೆಂಡಿನ ಮಿತಿ ತೀರ ಬಿಗಿಯಾಯಿತು. 10 ನಿಮಿಷ ತೀರ ಸಡಿಲವಾಯಿತು. ಅತಿ ನಿಧಾನವಾದುದರ ಮೂರರಷ್ಟು, ಅಂದರೆ ಸುಮಾರು 30 ಸೆಕೆಂಡು ಇಡುವುದು ಯುಕ್ತವೆಂದು ನನ್ನ ಅಭಿಪ್ರಾಯ. ಪರೀಕ್ಷೆಗಳು ಬೆಳೆದಂತೆ ಈ ಅಳತೆಯನ್ನು ಆಗಾಗ ಮಾಡುತ್ತಿರಬೇಕು.

ಒಳಗಿನ ಮಿತಿ, ಹೊರಗಿನ ಮಿತಿ

ಒಂದೇ ಮಿತಿ ಸಾಲದು. ಜಾಲದ ಪ್ರಶ್ನೆಗೊಂದು, ಪರೀಕ್ಷೆಗೊಂದು, ಪರೀಕ್ಷೆಗಳ ಸಮೂಹಕ್ಕೊಂದು, ಇಡೀ ಬಿಲ್ಡಿಗೊಂದು—ಹೀಗೆ ಕೋಟೆಯ ಸುತ್ತುಗಳಂತೆ ಮಿತಿಗಳಿರಬೇಕು. ಇಲ್ಲಿ ಪಾಲಿಸತಕ್ಕ ನಿಯಮವೊಂದುಂಟು: ಹೊರಗಿನ ಮಿತಿ ಒಳಗಿನವುಗಳ ಮೊತ್ತಕ್ಕಿಂತ ದೊಡ್ಡದಾಗಿರಬೇಕು. ಉದಾಹರಣೆಗೆ, ಒಳಗಿನ ಜಾಲದ ಪ್ರಶ್ನೆಗೆ 20 ಸೆಕೆಂಡಿನ ಮಿತಿಯಿದ್ದು, ಉತ್ತರ ಬಾರದಿದ್ದರೆ ಮೂರು ಸಲ ಪ್ರಯತ್ನಿಸು ಎಂದಿದ್ದರೆ ಒಟ್ಟು 60 ಸೆಕೆಂಡುಗಳಾಯಿತು. ಪರೀಕ್ಷೆಯ ಮಿತಿ 30 ಸೆಕೆಂಡು ಮಾತ್ರವಾದರೆ, ಇಂಥ ಯಂತ್ರ ಉತ್ತರ ಕೊಡಲಿಲ್ಲ ಎಂದು ಒಳಗಿನವನು ಹೇಳುವುದಕ್ಕೆ ಮುಂಚೆಯೇ ಹೊರಗಿನವನು ಹೊತ್ತು ಮೀರಿತು ಎಂದು ಬಾಯಿ ಮುಚ್ಚಿಸುತ್ತಾನೆ. ಕಾರಣ ಬಲ್ಲವನಿಗೆ ಮೊದಲು ಮಾತನಾಡುವ ಅವಕಾಶವಿರಬೇಕು.

ಕಾಲವನ್ನು ಎಣಿಸುವವನು ಕೆಲಸ ಮಾಡುವವನಿಂದ ಬೇರೆಯಾಗಿರಬೇಕೆಂಬುದು ಇನ್ನೊಂದು ನಿಯಮ. ನಮ್ಮ ಹಿರಿಯರು ಮುಹೂರ್ತಕ್ಕಾಗಿ ಗಳಿಗೆಬಟ್ಟಲನ್ನು ಉಪಯೋಗಿಸುತ್ತಿದ್ದರು. ತಳದಲ್ಲಿ ಸಣ್ಣ ರಂಧ್ರವುಳ್ಳ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ತುಂಬಿ ಮುಳುಗಲು ಒಂದು ಗಳಿಗೆ, ಎಂದರೆ 24 ನಿಮಿಷ. ಚಪ್ಪರದಲ್ಲಿ ಏನೇ ಗದ್ದಲವಾದರೂ ಬಟ್ಟಲು ತನ್ನ ಪಾಡಿಗೆ ತಾನು ಮುಳುಗುತ್ತದೆ. ಕಾಲಮಿತಿಯನ್ನು ಎಣಿಸುವ ಭಾಗವೂ ಹೀಗೆ ಪ್ರತ್ಯೇಕವಾಗಿರಬೇಕು. ಸ್ತಬ್ಧವಾದ ಪ್ರೋಗ್ರಾಮೇ ತನ್ನ ಹೊತ್ತನ್ನು ತಾನು ನೋಡಿಕೊಳ್ಳಲಾರದು. ಅಲ್ಲದೆ, ಗೋಡೆಯ ಗಡಿಯಾರವನ್ನು ಯಾರಾದರೂ ಹಿಂದೆ ಮುಂದೆ ತಿರುಗಿಸಬಹುದು. ಯಂತ್ರದ ಗಡಿಯಾರವನ್ನೂ ಜಾಲದ ಮೂಲಕ ಆಗಾಗ ತಿದ್ದುತ್ತಿರುತ್ತಾರೆ. ಬಟ್ಟಲು ಕಳೆದ ಹೊತ್ತನ್ನು ಮಾತ್ರ ಅಳೆಯುತ್ತದೆ. ಅದರಂತೆ ಹಿಂದಕ್ಕೆ ಹೋಗದ, ಕಳೆದ ಹೊತ್ತನ್ನು ಮಾತ್ರ ಎಣಿಸುವ ಗಡಿಯಾರವೊಂದು ಯಂತ್ರದಲ್ಲಿಯೂ ಇರುತ್ತದೆ. ಮಿತಿಗೆ ಅದನ್ನೇ ಬಳಸಬೇಕು.

ಪರೀಕ್ಷೆಯ ಒಳಗೆ ಕಾಯಬೇಕಾದಾಗಲೂ ವಿವೇಕ ಬೇಕು. ಸರ್ವರ್ ಸಿದ್ಧವಾಗಲೆಂದು ಕಣ್ಣು ಮುಚ್ಚಿ 10 ಸೆಕೆಂಡು ನಿದ್ರಿಸು ಎಂದು ಬರೆಯುವವರುಂಟು. ಸರ್ವರ್ ಒಂದೇ ಸೆಕೆಂಡಿನಲ್ಲಿ ಸಿದ್ಧವಾದರೆ ಒಂಬತ್ತು ಸೆಕೆಂಡು ವ್ಯರ್ಥ. ಹನ್ನೊಂದು ಸೆಕೆಂಡು ಬೇಕಾದರೆ ಪರೀಕ್ಷೆಯೇ ವ್ಯರ್ಥ. ಅದರ ಬದಲು, ಸಿದ್ಧವಾಯಿತೇ ಎಂದು ಆಗಾಗ ಕೇಳುತ್ತಿರು, 30 ಸೆಕೆಂಡಾದರೂ ಆಗದಿದ್ದರೆ ಬಿಡು ಎಂದು ಬರೆಯುವುದು ಸರಿಯಾದ ಕ್ರಮ.

ಗಂಟೆ ಹೊಡೆದ ಮೇಲೆ

ಮಿತಿ ಮೀರಿದಾಗ ಏನು ಮಾಡಬೇಕೆಂಬುದು ಎಲ್ಲಕ್ಕಿಂತ ಮುಖ್ಯವಾದ ಭಾಗ. ಪರೀಕ್ಷೆಯ ಕೊಠಡಿಯಲ್ಲಿ ಗಂಟೆ ಹೊಡೆದಾಗ ವಿದ್ಯಾರ್ಥಿಯನ್ನು ಎಬ್ಬಿಸಿ ಕಳುಹಿಸುವುದಷ್ಟೇ ಅಲ್ಲ, ಅವನ ಉತ್ತರಪತ್ರಿಕೆಯನ್ನು ತೆಗೆದುಕೊಳ್ಳುತ್ತಾರೆ. ಎಲ್ಲಿಯವರೆಗೆ ಬರೆದಿದ್ದ, ಯಾವ ಪ್ರಶ್ನೆಯಲ್ಲಿ ನಿಂತ ಎಂಬುದು ಅದರಿಂದ ತಿಳಿಯುತ್ತದೆ. ಪ್ರೋಗ್ರಾಮನ್ನು ಕೊಲ್ಲುವ ಮೊದಲು ಅದರ ಉತ್ತರಪತ್ರಿಕೆಯನ್ನೂ ಹೀಗೆಯೇ ತೆಗೆದುಕೊಳ್ಳಬೇಕು. ಗೋ ಭಾಷೆಯ ಪರೀಕ್ಷೆ ಮಿತಿ ಮೀರಿದಾಗ ಪ್ರೋಗ್ರಾಮಿನ ಪ್ರತಿಯೊಂದು ಶಾಖೆಯೂ ಯಾವ ಸಾಲಿನಲ್ಲಿ ನಿಂತಿತ್ತೆಂಬುದನ್ನು ಬರೆದಿಟ್ಟೇ ಸಾಯುತ್ತದೆ. ಪೈಥಾನಿನಲ್ಲಿ 2012ರ 3.3ನೆಯ ಆವೃತ್ತಿಯಿಂದ ಇದಕ್ಕಾಗಿ ಫಾಲ್ಟ್‌ಹ್ಯಾಂಡ್ಲರ್ ಎಂಬ ಭಾಗವಿದೆ. ಜಾವಾದಲ್ಲಿ ಜೆಸ್ಟ್ಯಾಕ್ ಎಂಬ ಉಪಕರಣವಿದೆ. ಹಗ್ಗ ಹಿಡಿದವನು ಯಾರು, ಕೊಡ ಹಿಡಿದವನು ಯಾರು ಎಂಬುದು ಈ ಬರಹದಿಂದ ಗೊತ್ತಾಗುತ್ತದೆ. ಇದಿಲ್ಲದೆ ಕೊಂದರೆ ಉಳಿಯುವುದು ಹೊತ್ತು ಮೀರಿತು ಎಂಬ ಒಂದು ಸಾಲು ಮಾತ್ರ. ಅದರಿಂದ ಯಾರಿಗೂ ಪ್ರಯೋಜನವಿಲ್ಲ.

ಕೊಲ್ಲುವುದರಲ್ಲಿಯೂ ಕ್ರಮವಿದೆ. ಯೂನಿಕ್ಸ್ ಮಾದರಿಯ ಯಂತ್ರಗಳಲ್ಲಿ ಮೊದಲು 15ನೆಯ ಸಂಖ್ಯೆಯ ಟರ್ಮ್ ಎಂಬ ಸಂಜ್ಞೆಯನ್ನು ಕಳುಹಿಸುತ್ತಾರೆ. ಇದು ಮುಗಿಸಿಕೊಂಡು ಹೊರಡು ಎಂಬ ಸೂಚನೆ. ಕೆಲವು ಸೆಕೆಂಡುಗಳಲ್ಲಿ ಹೊರಡದಿದ್ದರೆ 9ನೆಯ ಸಂಖ್ಯೆಯ ಕಿಲ್ ಸಂಜ್ಞೆ. ಇದನ್ನು ಯಾವ ಪ್ರೋಗ್ರಾಮೂ ತಡೆಯಲಾರದು. ಅದು ಹುಟ್ಟಿಸಿದ ಮಕ್ಕಳು, ಮೊಮ್ಮಕ್ಕಳು ಪ್ರೋಗ್ರಾಮುಗಳಿದ್ದರೆ ಅವನ್ನೂ ನಿಲ್ಲಿಸಬೇಕು. ಇಲ್ಲವಾದರೆ ಅವು ಹಿನ್ನೆಲೆಯಲ್ಲಿ ಉಳಿದುಕೊಂಡು ಮುಂದಿನ ಬಿಲ್ಡಿಗೆ ಬೇಕಾದ ಸ್ಥಳವನ್ನು ಆಕ್ರಮಿಸಿರುತ್ತವೆ. ತಪ್ಪು ಒಬ್ಬರದು, ಶಿಕ್ಷೆ ಇನ್ನೊಬ್ಬರಿಗೆ. ಗ್ನೂ ಸಂಗ್ರಹದ ಟೈಮ್‌ಔಟ್ ಎಂಬ ಆಜ್ಞೆಯು ಮಿತಿ ಮೀರಿತೆಂಬುದನ್ನು 124 ಎಂಬ ಪ್ರತ್ಯೇಕ ಸಂಖ್ಯೆಯಿಂದ ತಿಳಿಸುವುದು ಮೆಚ್ಚತಕ್ಕ ಪದ್ಧತಿ. ಏಕೆಂದರೆ ಮಿತಿ ಮೀರಿದ್ದು ತೇರ್ಗಡೆಯೂ ಅಲ್ಲ, ಉತ್ತರ ತಪ್ಪೆಂಬುದೂ ಅಲ್ಲ. ತಿಳಿಯಲಿಲ್ಲ ಎಂಬ ಮೂರನೆಯ ಫಲಿತಾಂಶ ಅದು. ಬಿಲ್ಡನ್ನು ಮುಂದಕ್ಕೆ ಬಿಡದೆ ತಡೆಯಬೇಕು, ನಿಜ. ಆದರೆ ಬರೆದಿಡುವಾಗ ತಿಳಿಯಲಿಲ್ಲ ಎಂದೇ ಬರೆದಿಡಬೇಕು.

ಮಂಗಳಗ್ರಹದ ಒಂದು ನಿದರ್ಶನ

ಈ ಮೂರನೆಯ ಫಲಿತಾಂಶವನ್ನು ಹೇಗೆ ಕಾಣಬೇಕೆಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಅಮೆರಿಕೆಯ ಪಾತ್‌ಫೈಂಡರ್ ನೌಕೆ 1997ರ ಜುಲೈ 4ರಂದು ಮಂಗಳಗ್ರಹದ ಮೇಲೆ ಇಳಿಯಿತು. ಕೆಲವು ದಿನಗಳಲ್ಲಿಯೇ ಅದರ ಗಣಕಯಂತ್ರ ಇದ್ದಕ್ಕಿದ್ದಂತೆ ತಾನಾಗಿ ಮರುಪ್ರಾರಂಭವಾಗತೊಡಗಿತು. ಹಾಗಾದಾಗಲೆಲ್ಲ ಆ ದಿನದ ಉಳಿದ ಕೆಲಸ ಮರುದಿನಕ್ಕೆ ಬೀಳುತ್ತಿತ್ತು. ಹವಾಮಾನದ ಮಾಹಿತಿ ಸಂಗ್ರಹಿಸುವ ಕೆಳದರ್ಜೆಯ ಕೆಲಸವೊಂದು ಬೀಗವನ್ನು ಹಿಡಿದಿರುವಾಗ, ಮೇಲುದರ್ಜೆಯ ಕೆಲಸವೊಂದು ಅದೇ ಬೀಗಕ್ಕಾಗಿ ಕಾಯಬೇಕಾಗುತ್ತಿತ್ತು. ನಡುವಣ ದರ್ಜೆಯ ಕೆಲಸಗಳು ಕೆಳಗಿನದಕ್ಕೆ ಅವಕಾಶವನ್ನೇ ಕೊಡುತ್ತಿರಲಿಲ್ಲ. ಮೇಲಿನ ಕೆಲಸ ಗೊತ್ತಾದ ಹೊತ್ತಿಗೆ ಮುಗಿಯಲಿಲ್ಲವೆಂಬುದನ್ನು ಕಾವಲು ವ್ಯವಸ್ಥೆ ಕಂಡು ಯಂತ್ರವನ್ನು ಮರುಪ್ರಾರಂಭಿಸುತ್ತಿತ್ತು. ಕಾಲಮಿತಿ ತನ್ನ ಕರ್ತವ್ಯವನ್ನು ಮಾಡಿತೆಂದೇ ಹೇಳಬೇಕು.

ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ವಿಜ್ಞಾನಿಗಳು ಮಿತಿಯನ್ನು ಹೆಚ್ಚಿಸಿ ಕೈ ತೊಳೆದುಕೊಳ್ಳಲಿಲ್ಲ. ಭೂಮಿಯ ಮೇಲಿದ್ದ ಅದೇ ಬಗೆಯ ಯಂತ್ರದಲ್ಲಿ ಪ್ರತಿಯೊಂದು ಘಟನೆಯನ್ನೂ ದಾಖಲೆ ಮಾಡುತ್ತ, ಆ ತೊಂದರೆ ಮರುಕಳಿಸುವವರೆಗೆ ಬಿಡದೆ ನಡೆಸಿದರು. ದಾಖಲೆ ಕಾರಣವನ್ನು ತೋರಿಸಿತು. ಬೀಗ ಹಿಡಿದ ಕೆಳಗಿನವನಿಗೆ ತಾತ್ಕಾಲಿಕವಾಗಿ ಮೇಲಿನ ದರ್ಜೆ ಕೊಡುವ ಏರ್ಪಾಡನ್ನು ದೂರದಿಂದಲೇ ಜಾರಿಗೆ ತಂದರು, ತೊಂದರೆ ನಿವಾರಣೆಯಾಯಿತು. ನೌಕೆ ಇಳಿಯುವ ಮೊದಲೇ ಈ ದೋಷ ಪರೀಕ್ಷೆಯಲ್ಲಿ ತಲೆದೋರಿತ್ತೆಂಬುದೂ, ಮತ್ತೆ ಬರಿಸಲು ಪ್ರಯತ್ನಿಸಿದಾಗ ಬರಲಿಲ್ಲವೆಂಬುದೂ ಇಲ್ಲಿ ಗಮನಾರ್ಹ.

ಉಪಸಂಹಾರ

ಪರೀಕ್ಷೆಯೊಂದು ಹೊತ್ತು ಮೀರಿದಾಗ ಎರಡು ಸುಲಭವಾದ ದಾರಿಗಳು ಎದುರಿಗೆ ಕಾಣುತ್ತವೆ. ಒಂದು, ಮಿತಿಯನ್ನು ಎರಡರಷ್ಟು ಮಾಡುವುದು. ಇನ್ನೊಂದು, ಮತ್ತೊಮ್ಮೆ ನಡೆಸಿ ತೇರ್ಗಡೆಯಾದರೆ ಸುಮ್ಮನಾಗುವುದು. ಇವೆರಡೂ ಸರ್ವಥಾ ತಪ್ಪೆಂದು ನಾನು ಹೇಳುವುದಿಲ್ಲ. ಅಳತೆ ಮಾಡಿ ನೋಡಿ ಕೆಲಸವೇ ಬೆಳೆದಿದೆಯೆಂದು ಕಂಡರೆ ಮಿತಿಯನ್ನು ಹೆಚ್ಚಿಸುವುದು ನ್ಯಾಯವೇ. ಆದರೆ ಕಾರಣವನ್ನು ವಿಚಾರಿಸದೆ ಹೆಚ್ಚಿಸಿದ ಮಿತಿ ದೋಷವನ್ನು ಪರಿಹರಿಸುವುದಿಲ್ಲ. ಅದು ಹೊರಬೀಳುವ ದಿನವನ್ನು ಮುಂದಕ್ಕೆ ಹಾಕುತ್ತದೆ, ಅಷ್ಟೆ. ಪರೀಕ್ಷೆಯಲ್ಲಿ ಸ್ತಬ್ಧವಾದುದು ನಾಳೆ ಬ್ಯಾಂಕಿನ ಕಿಟಕಿಯ ಮುಂದೆ ಹಣಕ್ಕೆ ನಿಂತವನ ಎದುರಿಗೆ, ಆಸ್ಪತ್ರೆಯಲ್ಲಿ ಚೀಟಿಗಾಗಿ ನಿಂತವನ ಎದುರಿಗೆ ಸ್ತಬ್ಧವಾಗುತ್ತದೆ. ಅಲ್ಲಿ ಕಾಯುವವನು ಯಂತ್ರವಲ್ಲ.

ನಮ್ಮ ಕಾಲೇಜುಗಳಿಂದ ಹೊರಬೀಳುವ ತರುಣ ತರುಣಿಯರಲ್ಲಿ ಅನೇಕರು ಈಗ ಈ ಉದ್ಯೋಗಕ್ಕೆ ಸೇರುತ್ತಿದ್ದಾರೆ. ಅವರು ತಮ್ಮ ಮೊದಲ ಪರೀಕ್ಷೆಯನ್ನು ಬರೆಯುವಾಗಲೇ ಅದಕ್ಕೊಂದು ಅವಧಿಯನ್ನು ಅಳೆದು ಗೊತ್ತುಮಾಡಲಿ. ಅವಧಿ ಮೀರಿದರೆ ಉತ್ತರಪತ್ರಿಕೆಯನ್ನು ತೆಗೆದುಕೊಳ್ಳುವ ಏರ್ಪಾಡನ್ನು ಮಾಡಲಿ. ತಿಳಿಯಲಿಲ್ಲ ಎಂಬ ಫಲಿತಾಂಶ ಬಂದಾಗ ತಿಳಿಯುವವರೆಗೆ ವಿಚಾರಿಸಲಿ. ಇಷ್ಟು ಮಾಡಿದರೆ ಅವರ ಕೈಕೆಳಗಿನ ಯಂತ್ರಗಳು ವ್ಯರ್ಥವಾಗಿ ಕಾಯುವುದು ತಪ್ಪುತ್ತದೆ; ಅವನ್ನು ನಂಬಿದ ಜನರು ಕಾಯುವುದೂ ತಪ್ಪುತ್ತದೆ.